ಎರಡು ಲಿನಕ್ಸ್ ಇಟ್ಟುಕೊಂಡವರು ದಯವಿಟ್ಟು ರೆಫೈಂಡ್ ಬೂಟ್ ಮೆನು ಹಾಕಿಕೊಳ್ಳಿ

ಹೋದ ವಾರ ನನ್ನ ತಮ್ಮ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಒಂದೇ ಎಸ್‌ಎಸ್‌ಡಿ, ಅದರಲ್ಲಿ ವಿಂಡೋಸ್, ಜೊತೆಗೆ ಎರಡು ಲಿನಕ್ಸ್. ಆನ್ ಮಾಡಿದಾಗ ಯಾವ ಓಎಸ್ (ಆಪರೇಟಿಂಗ್ ಸಿಸ್ಟಮ್) ಬೇಕು ಅಂತ ಕೇಳುವ ಗ್ರಬ್ ಮೆನುವಿನಲ್ಲಿ ಎರಡನೇ ಲಿನಕ್ಸ್ ಆರಿಸಿದರೆ ಕಪ್ಪು ಪರದೆ ಮೇಲೆ ಎರಡೇ ಸಾಲು: ಫೈಲ್ ಸಿಗಲಿಲ್ಲ, ಮೊದಲು ಕರ್ನಲ್ (ಲಿನಕ್ಸಿನ ತಿರುಳು) ಲೋಡ್ ಮಾಡಿ. "ಡಿಸ್ಕೇ ಹೋಯ್ತು ಅನ್ಸುತ್ತೆ ಅಣ್ಣ, ಎಲ್ಲಾ ಫಾರ್ಮ್ಯಾಟ್ ಮಾಡಿಬಿಡ್ಲಾ?" ಅಂದ. ಬೇಡವೇ ಬೇಡ ಅಂದೆ.

ಡಿಸ್ಕಿಗೆ ಏನೂ ಆಗಿರಲಿಲ್ಲ. ಮೊದಲ ಲಿನಕ್ಸಿನ ಗ್ರಬ್, ತನ್ನ ಮೆನು ಬರೆದ ದಿನ ಎರಡನೆಯದರಲ್ಲಿ ಯಾವ ಕರ್ನಲ್ ಇತ್ತೋ, ಅದರ ಹೆಸರನ್ನೇ ನಂಬರ್ ಸಮೇತ ಬರೆದಿಟ್ಟುಕೊಂಡಿರುತ್ತೆ. ಆಮೇಲೆ ಎರಡನೆಯದು ಅಪ್‌ಡೇಟ್ ಆಗುತ್ತಾ ಆಗುತ್ತಾ ಆ ಹಳೇ ಕರ್ನಲನ್ನು ಅಳಿಸಿದೆ, ಮೊದಲನೆಯದಕ್ಕೆ ಅದು ಗೊತ್ತೇ ಇಲ್ಲ. ಮೊದಲನೆಯದಕ್ಕೆ ಹೋಗಿ ಮೆನು ಹೊಸದಾಗಿ ಬರೆಯುವ ಅಪ್‌ಡೇಟ್-ಗ್ರಬ್ ಕಮಾಂಡ್ ಓಡಿಸಿದರೆ ಸರಿಹೋಗುತ್ತೆ, ನಿಜ. ಪ್ರತಿ ಸಲ ಯಾರು ನೆನಪಿಟ್ಟುಕೊಳ್ತಾರೆ ಹೇಳಿ? ಸಾಲದ್ದಕ್ಕೆ 2021ರಲ್ಲಿ ಬಂದ ಗ್ರಬ್ 2.06ರಿಂದ ಈಚೆಗೆ, ಬೇರೆ ಓಎಸ್ ಹುಡುಕುವ ಓಎಸ್-ಪ್ರೋಬರ್ ಡೀಫಾಲ್ಟಾಗಿ ಆಫ್. ಬೇಕಿದ್ದವರು ತಾವೇ ಆನ್ ಮಾಡಿಕೊಳ್ಳಬೇಕು.

ರೆಫೈಂಡ್ ಕೂಡ ಗ್ರಬ್‌ನಂತೆ ಓಎಸ್ ಆರಿಸುವ ಮೆನು, ಆದರೆ ಹೀಗೆ ಬರೆದಿಟ್ಟುಕೊಳ್ಳುವುದೇ ಇಲ್ಲ. ಪ್ರತಿ ಸಲ ಆನ್ ಮಾಡಿದಾಗ ಡಿಸ್ಕನ್ನು ಹೊಸದಾಗಿ ನೋಡುತ್ತೆ, ಇವತ್ತು ಏನಿದೆಯೋ ಅದನ್ನೇ ತೋರಿಸುತ್ತೆ. ರಾಡ್ ಸ್ಮಿತ್ 2012ರಲ್ಲಿ ಶುರು ಮಾಡಿದ್ದು. ನನಗೆ ಅದರಲ್ಲಿ ಜಾಸ್ತಿ ಇಷ್ಟವಾಗುವುದು ಅದರ ಯುಎಸ್‌ಬಿ ಇಮೇಜ್. ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ನೋಡಬಹುದು. ತಮ್ಮನ ಲ್ಯಾಪ್‌ಟಾಪಿಗೂ ಅದನ್ನೇ ಚುಚ್ಚಿದೆ. ಮೂರೂ ಐಕಾನ್ ಸಾಲಾಗಿ ಬಂದವು, ಎರಡನೇ ಲಿನಕ್ಸ್ ಸೀದಾ ತೆರೆದುಕೊಂಡಿತು. ಅವನ ಮುಖ ನೋಡಬೇಕಿತ್ತು!

ಇದೇ ಕೆಲಸ ಮಾಡುವ ಇನ್ನೊಂದು ಮೆನು ಸಿಸ್ಟಮ್‌ಡಿ-ಬೂಟ್ ಯಾಕಲ್ಲ ಅಂತ ಕೇಳ್ತೀರಿ. ಒಳ್ಳೇದೇ, ಚಿಕ್ಕದು, ಚುರುಕು. ಆದರೆ ಅದಕ್ಕೆ ಸಾಮಾನ್ಯವಾಗಿ ಕರ್ನಲ್‌ಗಳು ಇಎಫ್‌ಐ ಪಾರ್ಟಿಶನ್ (ಬೂಟ್ ಫೈಲ್‌ಗಳಿಗೆ ಮೀಸಲಾದ ಡಿಸ್ಕಿನ ಚಿಕ್ಕ ಭಾಗ) ಒಳಗೇ ಇರಬೇಕು. ವಿಂಡೋಸ್ ಮಾಡಿಕೊಡುವ ಆ ಪಾರ್ಟಿಶನ್ ಎಷ್ಟೋ ಕಡೆ 100 ಎಂಬಿ ಅಷ್ಟೇ, ಎರಡು ಲಿನಕ್ಸಿನ ಕರ್ನಲ್ ಅಲ್ಲಿ ಹಿಡಿಸೋದು ಕಷ್ಟ.

ಹಳೇ ಬಯಾಸ್ ಮಷಿನ್ ಇದ್ದರೆ ಗ್ರಬ್ಬೇ ಸರಿ, ರೆಫೈಂಡ್‌ಗೆ ಇಎಫ್‌ಐ, ಅಂದರೆ ಬಯಾಸ್ ಜಾಗಕ್ಕೆ ಬಂದ ಹೊಸ ಬೂಟ್ ವ್ಯವಸ್ಥೆ, ಬೇಕೇ ಬೇಕು. ವಿಂಡೋಸ್ ಜೊತೆ ಒಂದೇ ಲಿನಕ್ಸ್ ಇದ್ದು ಎಲ್ಲಾ ಚೆನ್ನಾಗಿ ನಡೀತಿದ್ದರೂ ಸುಮ್ನೆ ಬದಲಾಯಿಸಬೇಡಿ. ಸಹಿ ಇಲ್ಲದ ಬೂಟ್ ಪ್ರೋಗ್ರಾಂಗಳನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇಟ್ಟುಕೊಂಡವರಿಗೆ ಶಿಮ್ (ಸಹಿ ಇರುವ ಪುಟ್ಟ ಲೋಡರ್), ಕೀ ಅಂತ ಸ್ವಲ್ಪ ಕೆಲಸ ಜಾಸ್ತಿ.

ಹಾಕುವ ಮುಂಚೆ ಒಂದು ಕೆಲಸ ಮರೀಬೇಡಿ. ವಿಂಡೋಸಿನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ಎನ್‌ಕ್ರಿಪ್ಶನ್) ಇದ್ದರೆ ಬೂಟ್ ದಾರಿ ಬದಲಾದ ತಕ್ಷಣ ರಿಕವರಿ ಕೀ ಕೇಳಬಹುದು. 48 ಅಂಕಿ. ಅದನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಅದೇ ಲ್ಯಾಪ್‌ಟಾಪಿನೊಳಗೆ ಅಲ್ಲ.