ಹಾವಿನ ಊರಲ್ಲಿ ಮನೆ ಮಾಡುವವರಿಗೆ

ಮಲೆನಾಡಿನಲ್ಲಿ ಎರಡೆಕರೆ ತೋಟ, ನಡುವೆ ಒಂದು ಹಂಚಿನ ಮನೆ ಅಂತ ಹುಡುಕಿಕೊಂಡು ಬರುವವರು ಬೇಸಿಗೆಯಲ್ಲೂ ಬಾವಿಯಲ್ಲಿ ನೀರಿರುತ್ತಾ, ಕರೆಂಟು ಎಷ್ಟು ಹೊತ್ತು ಇರುತ್ತೆ, ಯಾವ ಸಿಮ್ಮಿಗೆ ನೆಟ್‌ವರ್ಕ್ ಸಿಗುತ್ತೆ ಅಂತೆಲ್ಲ ವಿಚಾರಿಸುತ್ತಾರೆ. ಹಾವು ಕಚ್ಚಿದರೆ ಔಷಧ ಸಿಗುವ ಆಸ್ಪತ್ರೆ ಎಷ್ಟು ದೂರ ಅಂತ ಕೇಳುವವರು ಅಪರೂಪ. ಇಲ್ಲೇ ಹುಟ್ಟಿ ಬೆಳೆದವರದ್ದು ಇನ್ನೊಂದು ಥರ. ನಾಗರಪಂಚಮಿಗೆ ಕಲ್ಲಿಗೆ ತನಿ ಎರೆದು ಬಂದವರೇ ಮರುದಿನ ಕೊಟ್ಟಿಗೆಯಲ್ಲಿ ವಿಷವಿಲ್ಲದ ಕೇರೆಹಾವು ಕಂಡರೆ ದೊಣ್ಣೆ ಎತ್ತುತ್ತಾರೆ. ಭಕ್ತಿಗೂ ಭಯಕ್ಕೂ ಕೊರತೆಯಿಲ್ಲ. ಹಾವಿನ ಪರಿಚಯ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಸವೆಯುತ್ತಾ ಬಂದಿದೆ.

ಕಾಡಂಚಿನ ಬದುಕು ವಿನಯ ಕಲಿಸುತ್ತೆ, ಧ್ಯಾನ ಕಲಿಸುತ್ತೆ ಅಂತೆಲ್ಲ ಬರೆಯುವವರಿದ್ದಾರೆ. ಇರಬಹುದು. ನನ್ನ ಪ್ರಕಾರ ಅದು ಮೊದಲು ಕಲಿಸಬೇಕಾದ್ದು ಕಣ್ಣು ಹೋಗದ ಕಡೆ ಕೈ ಹಾಕಬಾರದು ಅನ್ನುವುದನ್ನು. ಅಷ್ಟು ಕಲಿತರೆ ಕಚ್ಚಿಸಿಕೊಳ್ಳುವ ಸಂದರ್ಭಗಳಲ್ಲಿ ದೊಡ್ಡ ಪಾಲು ಬರುವುದೇ ಇಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅನ್ನುವುದು ಸಂಶೋಧಕರ ಅಂದಾಜು, ಅಂದರೆ ವರ್ಷಕ್ಕೆ ಸರಾಸರಿ 58,000. ಇವರಲ್ಲಿ ಹೆಚ್ಚಿನವರು ಹಳ್ಳಿಯವರು, ಗದ್ದೆ ತೋಟದಲ್ಲಿ ದುಡಿಯುವವರು. ಕಾಡು ನೋಡಲು ಹೋದ ಪ್ರವಾಸಿಗರಲ್ಲ.

ನಮ್ಮಲ್ಲಿ ಜೀವ ತೆಗೆಯುವ ಹಾವು ಮುಖ್ಯವಾಗಿ ನಾಲ್ಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಕೊನೆಯದು ಹೆಚ್ಚಾಗಿ ಒಣಭೂಮಿಯದು, ಕುರುಚಲು ಮತ್ತು ಕಲ್ಲುಗುಡ್ಡೆ ಇರುವ ಬಯಲುಸೀಮೆಯವರು ಅದರ ಬಗ್ಗೆ ಎಚ್ಚರದಿಂದಿರಬೇಕು. ಮಲೆನಾಡಿಗರ ತಲೆನೋವು ಮೊದಲ ಮೂರು. ನಾಗರ ಹೆಡೆ ಬಿಚ್ಚಿ ತಾನಿರುವುದನ್ನು ಹೇಳುತ್ತದೆ. ಉಳಿದೆರಡರ ವಿಷಯ ಬೇರೆ.

ಕೊಳಕುಮಂಡಲ ಹೆಜ್ಜೆ ಸದ್ದಿಗೆ ಓಡಿಹೋಗುವ ಹಾವಲ್ಲ. ತನ್ನ ಮೈಬಣ್ಣ ನಂಬಿ ತರಗೆಲೆಯಲ್ಲಿ ಬಿದ್ದುಕೊಂಡಿರುತ್ತದೆ. ತೀರಾ ಹತ್ತಿರ ಹೋದರೆ ಕುಕ್ಕರ್ ಸೀಟಿಯಂತೆ ಬುಸುಗುಡುತ್ತದೆ, ಅದೂ ಪ್ರತಿ ಸಲ ಅಲ್ಲ. ಚಳಿಗಾಲ ಅದರ ಕೂಡುವ ಕಾಲವಾದ್ದರಿಂದ ಆಗ ಹಗಲಲ್ಲೂ ಓಡಾಟ ಹೆಚ್ಚು. ಅಡಿಕೆ ಕೊಯ್ಲು, ಭತ್ತದ ಕೊಯ್ಲು ಬರುವುದೂ ಅದೇ ಹೊತ್ತಿಗೆ. ಮಳೆಗಾಲದ ಆಸುಪಾಸಿನಲ್ಲಿ ಹೆಣ್ಣು ಮರಿ ಹಾಕುತ್ತದೆ, ಒಂದೇ ಸಲಕ್ಕೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಇನ್ನೂ ಹೆಚ್ಚು. ಮರಿಗೂ ಹುಟ್ಟಿದಾಗಿನಿಂದ ವಿಷವಿರುತ್ತದೆ. ಇದನ್ನು ಹೆಬ್ಬಾವಿನ ಮರಿ ಅಂತ ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡು ಕಚ್ಚಿಸಿಕೊಂಡವರಿದ್ದಾರೆ. ಕೊಳಕುಮಂಡಲದ ಬೆನ್ನ ಮೇಲಿನ ಕಂದು ಮಚ್ಚೆಗಳು ಸರಪಳಿಯ ಕೊಂಡಿಗಳ ಹಾಗೆ ಮೂರು ಸಾಲಿನಲ್ಲಿ ಅಚ್ಚುಕಟ್ಟಾಗಿರುತ್ತವೆ, ಹೆಬ್ಬಾವಿನದ್ದು ಆಕಾರವಿಲ್ಲದ ದೊಡ್ಡ ತೇಪೆಗಳು. ಅನುಮಾನವಿದ್ದರೆ ಅದು ಮಂಡಲವೇ ಅಂದುಕೊಂಡು ದೂರ ನಿಲ್ಲಿ.

ಹಾಗಾಗಿ ತೋಟದಲ್ಲಿ ಉದುರು ಅಡಿಕೆ ಹೆಕ್ಕುವಾಗ ಮೊದಲು ಕೋಲಿನಿಂದ ಸೊಪ್ಪು ಸರಿಸಬೇಕು, ಆಮೇಲೆ ಕೈ. ಬಿದ್ದ ಅಡಿಕೆ ಸೋಗೆ, ಹಾಳೆ ಎತ್ತುವಾಗ ನಿಮ್ಮ ಕಡೆಯ ಅಂಚನ್ನೇ ಹಿಡಿದು ಎತ್ತಿದರೆ ಅಡಿಯಲ್ಲಿರುವುದು ನೇರ ನಿಮ್ಮ ಕಾಲ ಬಳಿ ಬರುತ್ತದೆ. ಕೊಕ್ಕೆಯಿಂದ ಆಚೆ ಅಂಚನ್ನು ನಿಮ್ಮ ಕಡೆಗೆ ಮಗುಚಿ, ಹಾಳೆಯೇ ನಡುವೆ ಅಡ್ಡ ಇರುತ್ತದೆ. ಮೊಣಕಾಲಿನ ಕೆಳಗಿನವರೆಗೆ ಬರುವ ಗಂಬೂಟು ಹಾಕಿಕೊಳ್ಳಿ, ಹಾಕುವ ಮುಂಚೆ ತಲೆಕೆಳಗು ಮಾಡಿ ಕೊಡವಿ. ಕೆಲಸಕ್ಕೆ ಬರುವ ಆಳುಗಳಿಗೂ ಬೂಟು ಕೊಡಿಸಬೇಕಾದ್ದು ತೋಟದ ಯಜಮಾನರ ಕರ್ತವ್ಯ. ಔಷಧಿ ಹೊಡೆಯುವ ಉದ್ದ ಕೋಲಿನ ದೋಟಿಗೆ ಸಾವಿರಗಟ್ಟಲೆ ಸುರಿಯುವವರು ಇಲ್ಲಿ ಕೈ ಬಿಗಿ ಹಿಡಿಯುವುದು ನನಗೆ ಅರ್ಥವಾಗದ ಸಂಗತಿ.

ಕಟ್ಟುಹಾವು ರಾತ್ರಿಯದು. ಇಲಿ, ಹಲ್ಲಿ, ಬೇರೆ ಹಾವುಗಳನ್ನು ಹುಡುಕಿಕೊಂಡು ಮನೆಯೊಳಗೇ ಬರುತ್ತದೆ. ನೆಲದಲ್ಲಿ ಮಲಗಿದವರ ಪಕ್ಕ ಸರಿದು, ಅವರು ಮಗ್ಗುಲು ಬದಲಿಸಿದಾಗ ಕಚ್ಚುತ್ತದೆ. ಹಲ್ಲು ಚಿಕ್ಕದು, ನೋವಿಲ್ಲ, ಬಾವಿಲ್ಲ, ಎಷ್ಟೋ ಸಲ ಗುರುತೂ ಕಾಣುವುದಿಲ್ಲ. ನಡುರಾತ್ರಿ ಹೊಟ್ಟೆನೋವು, ವಾಂತಿ ಅಂತ ಎದ್ದವರಿಗೆ ಮನೆಯವರು ಗ್ಯಾಸ್ಟ್ರಿಕ್ ಅಂತ ಜೀರಿಗೆ ಕಷಾಯ ಕೊಡುತ್ತಾರೆ. ಬೆಳಗಾಗುವಾಗ ರೆಪ್ಪೆ ಜೋತುಬಿದ್ದು, ಮಾತು ತೊದಲಿ, ಉಗುಳು ನುಂಗಲಾಗದ ಸ್ಥಿತಿ. ಮಳೆಗಾಲದಲ್ಲಿ ನೆಲದಲ್ಲಿ ಮಲಗಿದವರಿಗೆ ಹೀಗಾದರೆ ಮೊದಲು ಯೋಚಿಸಬೇಕಾದ್ದು ಕಟ್ಟುಹಾವನ್ನು.

ಇದಕ್ಕೆ ಇರುವ ಅತ್ಯುತ್ತಮ ರಕ್ಷಣೆ ಸೊಳ್ಳೆಪರದೆ. ಮಂಚವಿದ್ದರೆ ಒಳ್ಳೆಯದು, ಇಲ್ಲದಿದ್ದರೂ ಪರದೆಯ ಅಂಚನ್ನು ನಾಲ್ಕೂ ಕಡೆ ಹಾಸಿಗೆಯ ಅಡಿಗೆ ಸಿಕ್ಕಿಸಿ. ಸುಮ್ಮನೆ ಇಳಿಬಿಟ್ಟ ಪರದೆ ಸೊಳ್ಳೆಗೂ ಸಾಲದು, ಹಾವಿಗೂ ಸಾಲದು. ನಿರುಪದ್ರವಿ ತೋಳಹಾವನ್ನೂ ಕಟ್ಟುಹಾವನ್ನೂ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಕಟ್ಟುಹಾವಿನ ಬಿಳಿ ಪಟ್ಟೆಗಳು ತಲೆಯಿಂದ ತುಸು ಹಿಂದೆ ಮಸುಕಾಗಿ ಶುರುವಾಗಿ ಬಾಲದ ಕಡೆಗೆ ಸ್ಪಷ್ಟವಾಗುತ್ತವೆ. ತೋಳಹಾವಿನದ್ದು ಉಲ್ಟಾ, ಕತ್ತಿನ ಹತ್ತಿರ ಅಗಲ, ಬಾಲಕ್ಕೆ ಹೋಗುತ್ತಾ ಮಾಯ. ಕತ್ತಲಲ್ಲಿ ಈ ಪರೀಕ್ಷೆ ಮಾಡಲು ಹೋಗಬೇಡಿ.

ಮನೆಗೆ ಹಾವು ಬರುವುದು ಊಟಕ್ಕೆ, ಇಲ್ಲವೇ ಮರೆಗೆ. ಬಚ್ಚಲ ಒಲೆಯ ಸೌದೆಯನ್ನು ಗೋಡೆಗೆ ಒತ್ತಿ ನೆಲದಿಂದಲೇ ಪೇರಿಸಿದರೆ ಎರಡೂ ಸಿಕ್ಕಿತು. ಕಲ್ಲಿಟ್ಟು ಒಂದಡಿ ಎತ್ತರಿಸಿ, ಗೋಡೆಯಿಂದ ದೂರ ಪೇರಿಸಿ. ಚೀಲದಲ್ಲಿಟ್ಟ ಭತ್ತ, ತೆಂಗಿನಕಾಯಿ ರಾಶಿ, ಕೋಳಿಗೂಡಿನ ಚೆಲ್ಲಿದ ಕಾಳು ಇಲಿ ಕರೆಯುತ್ತವೆ, ಇಲಿ ಹಾವನ್ನು ಕರೆಯುತ್ತದೆ. ಬಾಗಿಲ ಅಡಿಯ ಸಂದು ಒಂದು ಸೆಂಟಿಮೀಟರಿಗಿಂತ ಕಡಿಮೆ ಇರಲಿ, ರಬ್ಬರ್ ಪಟ್ಟಿ ಹೊಡೆಸಿ. ಬಚ್ಚಲ ನೀರು ಹೋಗುವ ಪೈಪಿನ ಹೊರಬಾಯಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಬೇಕು. ಮಾಡಿಗೆ ತಾಗುವ ಕೊಂಬೆ ಕಡಿಯಿರಿ. ಅಂಗಳದ ದೀಪ ರಾತ್ರಿಯಿಡೀ ಉರಿಸಿದರೆ ಹುಳ ಬರುತ್ತದೆ, ಹುಳಕ್ಕೆ ಕಪ್ಪೆ, ಕಪ್ಪೆಯ ಹಿಂದೆ ಅದು. ಬೇಕಾದಾಗ ಟಾರ್ಚು ಹಾಕಿಕೊಂಡರೆ ಸಾಕು. ಮೊಬೈಲಿನ ಬೆಳಕಲ್ಲ, ಕೈಯಲ್ಲಿ ಹಿಡಿಯುವ ನಿಜವಾದ ಟಾರ್ಚು.

ಬೆಳ್ಳುಳ್ಳಿ, ಗಂಧಕದ ಪುಡಿ, ಫಿನಾಯಿಲ್, ಕಾರ್ಬಾಲಿಕ್ ಆಸಿಡ್ ಯಾವುದೂ ಹಾವು ತಡೆಯುವುದಿಲ್ಲ. ಆಸಿಡ್ ಮಕ್ಕಳ ಮೈ ಸುಡುತ್ತದೆ ಅಷ್ಟೆ. ತರಕಾರಿ ಮಡಿಗೆ ಕಟ್ಟುವ ನೈಲಾನ್ ಬಲೆಯೂ ರಕ್ಷಣೆಯಲ್ಲ. ಅದರಲ್ಲಿ ಸಿಕ್ಕಿಕೊಂಡ ಕೇರೆಹಾವು ಒದ್ದಾಡಿದಷ್ಟೂ ದಾರ ಮಾಂಸಕ್ಕೆ ಇಳಿದು ಸಾಯುತ್ತದೆ. ಬಲೆಯ ಕೆಳಅಂಚು ನೆಲದಿಂದ ಒಂದಡಿ ಮೇಲಿರುವಂತೆ ಕಟ್ಟಿ, ಕೆಲಸ ಮುಗಿದ ಮೇಲೆ ಬಿಚ್ಚಿ ಸುತ್ತಿಡಿ. ಇಲಿ ತಿನ್ನುವ ಹಾವನ್ನು ಕೊಂದು ಇಲಿಗೆ ಪಾಷಾಣ ಇಡುವುದು ಯಾವ ಲೆಕ್ಕ ಅಂತ ನನಗಂತೂ ಗೊತ್ತಿಲ್ಲ.

ಹಾವು ಹಿಡಿಯುವವರ ಬಗ್ಗೆ ಒಂದು ಮಾತು. ಮನೆಯೊಳಗೆ ನಾಗರ ಸೇರಿಕೊಂಡರೆ ಅವರನ್ನು ಕರೆಯಲೇಬೇಕು. ಆದರೆ ತೋಟದ ಬೇಲಿಯಲ್ಲಿ ಹೋಗುತ್ತಿರುವ ಕೇರೆಹಾವಿಗೂ ಫೋನು, ಅವರು ಬರುವುದು, ಬಾಲ ಹಿಡಿದೆತ್ತಿ ವಿಡಿಯೋ, ಚೀಲಕ್ಕೆ ತುಂಬಿ ಇಪ್ಪತ್ತು ಕಿಲೋಮೀಟರ್ ಆಚೆಯ ಕಾಡಿಗೆ ಬಿಡುವುದು. ಇದನ್ನು ರಕ್ಷಣೆ ಅನ್ನಲು ನನಗೆ ಮನಸ್ಸಿಲ್ಲ. ಹಾವಿಗೆ ತನ್ನ ಬಿಲ, ನೀರು, ಬೇಟೆಯ ಜಾಗ ಗೊತ್ತಿರುತ್ತದೆ. ಗೊತ್ತಿಲ್ಲದ ಕಡೆ ಬಿಟ್ಟರೆ ಗೊತ್ತುಗುರಿಯಿಲ್ಲದೆ ಅಲೆದು ರಸ್ತೆಗೋ ಇನ್ನೊಬ್ಬರ ಕೋಲಿಗೋ ಸಿಗುವ ಸಂಭವ ಹೆಚ್ಚು. ಇತ್ತ ಇಲಿ ಹಾಗೇ ಉಳಿದಿದ್ದರೆ ಖಾಲಿಯಾದ ಜಾಗಕ್ಕೆ ಮತ್ತೊಂದು ಹಾವು ಬರುತ್ತದೆ, ಅದು ಕೇರೆಯೇ ಆಗಿರಬೇಕು ಅಂತೇನಿಲ್ಲ. ಹಿಡಿದರೂ ಹತ್ತಿರದಲ್ಲೇ, ಮನೆಗಳಿಲ್ಲದ ಕಡೆ ಬಿಡಬೇಕು.

ಕಾಳಿಂಗದ ವಿಷಯದಲ್ಲಿ ಇದು ಇನ್ನೂ ಮುಖ್ಯ. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗವನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿ, ನಮ್ಮ ಹೆಸರನ್ನೇ ಇಟ್ಟು ಓಫಿಯೋಫೇಗಸ್ ಕಾಳಿಂಗ ಅಂತ ಕರೆದಿದ್ದಾರೆ. ಅದರ ಮುಖ್ಯ ಆಹಾರ ಬೇರೆ ಹಾವುಗಳು. ಬೇಸಿಗೆಯಲ್ಲಿ ಗಂಡುಗಳು ಹೆಣ್ಣು ಹುಡುಕುತ್ತಾ ಅಂಗಳದವರೆಗೂ ಬರುತ್ತವೆ. ದಾರಿ ಬಿಟ್ಟು, ನಾಯಿ ಕಟ್ಟಿಹಾಕಿ, ಮಕ್ಕಳನ್ನು ಒಳಗೆ ಕರೆದುಕೊಂಡರೆ ಹೆಚ್ಚಾಗಿ ಅದೇ ಹೋಗುತ್ತದೆ. ಹೆಣ್ಣು ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆಯಿಟ್ಟು ಕಾಯುತ್ತದೆ, ಮಳೆಗಾಲದಲ್ಲಿ ಮರಿ ಹೊರಬರುತ್ತವೆ. ಸೊಪ್ಪಿನ ಬೆಟ್ಟದಲ್ಲಿ ದರಕು (ಒಣ ತರಗೆಲೆ) ಗುಡಿಸುವಾಗ ಎದ್ದು ಕಾಣುವ ಎಲೆಗುಡ್ಡೆ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಕಾಳಿಂಗದ ವಿಷಕ್ಕೆ ನಮ್ಮ ದೇಶದಲ್ಲಿ ತಯಾರಾಗುವ ಔಷಧ ಇಲ್ಲ ಅನ್ನುವುದು ಅದನ್ನು ಮುದ್ದಿಸುವ ವಿಡಿಯೋ ಮಾಡುವವರ ಗಮನಕ್ಕೆ.

ಇನ್ನು ಕಚ್ಚಿದರೆ. ಬಿಗಿಯಾಗಿ ಹಗ್ಗ ಕಟ್ಟಬೇಡಿ. ಮಂಡಲ, ನಾಗರದ ವಿಷ ಒಂದೇ ಕಡೆ ನಿಂತು ಮಾಂಸ ಕೊಳೆಯುತ್ತದೆ, ಆಸ್ಪತ್ರೆಯಲ್ಲಿ ಬಿಚ್ಚಿದೊಡನೆ ಎಲ್ಲ ಒಟ್ಟಿಗೆ ನುಗ್ಗುತ್ತದೆ. ಯಾರಾದರೂ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಬಿಚ್ಚದೆ ವೈದ್ಯರ ಮುಂದೆಯೇ ಬಿಚ್ಚಿಸಿ. ಕೊಯ್ಯಬೇಡಿ, ಮಂಡಲದ ವಿಷಕ್ಕೆ ರಕ್ತ ಹೆಪ್ಪುಗಟ್ಟುವುದಿಲ್ಲ, ಕೊಯ್ದ ಗಾಯ ನಿಲ್ಲದೆ ಸುರಿಯುತ್ತದೆ. ಉಂಗುರ, ಬಳೆ, ಕಾಲ್ಗೆಜ್ಜೆ ಕೂಡಲೇ ತೆಗೆಯಿರಿ, ಬಾತಮೇಲೆ ಬರುವುದಿಲ್ಲ. ಕೈಕಾಲು ಮುರಿದಾಗ ಕಟ್ಟುವ ಹಾಗೆ ಒಂದು ದಬ್ಬೆ ಇಟ್ಟು ಸಡಿಲವಾಗಿ ಕಟ್ಟಿ, ನಡೆಸಬೇಡಿ. ವಾಂತಿ ಇದ್ದರೆ ಎಡಮಗ್ಗುಲಿಗೆ ಮಲಗಿಸಿ. ಬಾವು ಎಲ್ಲಿಯವರೆಗೆ ಬಂದಿದೆ ಅಂತ ಪೆನ್ನಿನಲ್ಲಿ ಗೆರೆ ಎಳೆದು ಸಮಯ ಬರೆಯಿರಿ, ವೈದ್ಯರಿಗೆ ಅದು ತುಂಬಾ ಉಪಯೋಗ. ಹಾವಿನ ಫೋಟೋ ದೂರದಿಂದ ಸಿಕ್ಕರೆ ಸಿಕ್ಕಿತು, ಹುಡುಕಿಕೊಂಡು ಹೋಗಬೇಡಿ. ಕಡಿದು ಬೇರೆಯಾದ ತಲೆಯೂ ಕಚ್ಚಬಲ್ಲದು. ಕಟ್ಟುಹಾವು ಕಚ್ಚಿ ಉಸಿರು ನಿಲ್ಲುತ್ತಾ ಬಂದವರು ಸತ್ತವರ ಹಾಗೆ ಕಾಣುತ್ತಾರೆ, ಆದರೆ ಕೃತಕ ಉಸಿರಾಟ ಕೊಟ್ಟುಕೊಂಡೇ ಆಸ್ಪತ್ರೆ ಮುಟ್ಟಿಸಿದರೆ ಬದುಕುವವರಿದ್ದಾರೆ.

ನಾಟಿ ಔಷಧಿಯಿಂದ ಗುಣವಾದವರ ಹೆಸರು ಪ್ರತಿ ಊರಲ್ಲೂ ಇರುತ್ತದೆ. ವಿಷವಿಲ್ಲದ ಹಾವು ಕಚ್ಚಿದವರು, ವಿಷದ ಹಾವೇ ವಿಷ ಬಿಡದೆ ಕಚ್ಚಿದವರು ಯಾವ ಸೊಪ್ಪಿನ ರಸಕ್ಕೂ ಗುಣವಾಗುತ್ತಾರೆ. ನಿಜವಾಗಿ ವಿಷ ಏರಿದವರು ಅಲ್ಲಿ ಕಳೆದುಕೊಳ್ಳುವುದು ಮೊದಲ ಎರಡು ಗಂಟೆ.

ಆಸ್ಪತ್ರೆಯಲ್ಲಿ ವಿಷದ ಲಕ್ಷಣ ಕಂಡರೆ ಸಾಮಾನ್ಯವಾಗಿ ಹತ್ತು ವಯಲ್ (ಸಣ್ಣ ಸೀಸೆ) ವಿಷನಿರೋಧಕದಿಂದ ಶುರು ಮಾಡುತ್ತಾರೆ. ಮಗುವಿಗೂ ಅಷ್ಟೇ, ಏಕೆಂದರೆ ಹಾವು ಮಗು ಅಂತ ಕಡಿಮೆ ವಿಷ ಬಿಡುವುದಿಲ್ಲ. ಈ ಔಷಧ ಮೇಲೆ ಹೇಳಿದ ನಾಲ್ಕು ಹಾವಿಗೆ ಮಾತ್ರ. ಘಟ್ಟದ ತರಗೆಲೆಯಲ್ಲಿರುವ ಉಬ್ಬುಮೂಗಿನ ಗುಳಿಮಂಡಲಕ್ಕೆ ಅದು ಕೆಲಸ ಮಾಡುವುದಿಲ್ಲ, ಮೂತ್ರಪಿಂಡ ನೋಡಿಕೊಳ್ಳುವ ಆಸ್ಪತ್ರೆಯೇ ಬೇಕು. ಲಕ್ಷಣವಿಲ್ಲದಿದ್ದರೂ ಒಂದು ದಿನ ನಿಗಾದಲ್ಲಿ ಇರಬೇಕು. ‘ಏನೂ ಆಗಿಲ್ಲ, ಮನೆಗೆ ಹೋಗ್ತೀವಿ’ ಅಂತ ಹಟ ಹಿಡಿಯಬೇಡಿ.

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಒಳ್ಳೆಯ ಕೆಲಸ. ಎಲ್ಲಿ ಎಷ್ಟು ಕಡಿತ ಅನ್ನುವ ಲೆಕ್ಕ ಸರಿಯಿದ್ದರೆ ಔಷಧ ಅಲ್ಲಿಗೆ ಕಳಿಸಬೇಕೆಂದು ಒತ್ತಾಯಿಸಬಹುದು. ಅಲ್ಲಿಯವರೆಗೆ ಈ ಕೆಲಸ ನಮ್ಮದು. ಮುಂಗಾರು ಶುರುವಾಗುವ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಾಲ್ಲೂಕು ಆಸ್ಪತ್ರೆಗೂ ಹೋಗಿ ಮೂರು ಪ್ರಶ್ನೆ ಕೇಳಿ: ವಿಷನಿರೋಧಕ ಎಷ್ಟು ವಯಲ್ ಇದೆ, ರಾತ್ರಿ ಅದನ್ನು ಕೊಡುವ ವೈದ್ಯರು ಇರುತ್ತಾರಾ, ವೆಂಟಿಲೇಟರ್ ಇರುವ ಹತ್ತಿರದ ಆಸ್ಪತ್ರೆ ಯಾವುದು. ಉತ್ತರವನ್ನೂ ಅಲ್ಲಿನ ಫೋನ್ ನಂಬರನ್ನೂ 108ರ ಜೊತೆಗೆ ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿ. ಕೆಲಸದವರ ಲೈನ್ ಮನೆಗೂ ಒಂದು ಪ್ರತಿ ಕೊಡಿ.