ಗಾಯಕಿ ಹೋದ ಮೇಲೂ ತಂಡ ಇದೆ

ನಮ್ಮ ತಂಡದ ಮುಖ್ಯ ಗಾಯಕಿ ತಂಡ ಬಿಟ್ಟಿರುವ ಸುದ್ದಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಲ್ಲರಿಗೂ ತಲುಪಿದೆ. ಕೊಚ್ಚಿಯ ದೊಡ್ಡ ಗಾನಮೇಳ ತಂಡವೊಂದು ಕರೆಯಿತು, ಅವಳು ಹೋದಳು. ಜಗಳವಾಗಿಲ್ಲ, ಲೆಕ್ಕ ಬಾಕಿ ಉಳಿದಿಲ್ಲ. ಆದರೆ ಆ ದಿನದಿಂದ ಫೋನ್ ಮಾಡಿದವರೆಲ್ಲ ಕೇಳುತ್ತಿರುವುದು ಎರಡೇ ಮಾತು. ಒಂದು, "ಇನ್ನು ನಿಮ್ಮ ತಂಡ ಮುಗಿಯಿತಲ್ಲ?" ಇನ್ನೊಂದು, "ಥೇಟ್ ಅವಳ ಹಾಗೆಯೇ ಹಾಡುವ ಹುಡುಗಿಯೊಬ್ಬಳಿದ್ದಾಳೆ, ಕಳುಹಿಸಿಕೊಡಲೇ?" ಮೊದಲನೆಯ ಮಾತಿಗೆ ನಾಲ್ಕು ಕಾರ್ಯಕ್ರಮ ಕೊಟ್ಟರೆ ಉತ್ತರ ಸಿಗುತ್ತದೆ. ನನಗೆ ಕಳವಳ ತರುವುದು ಎರಡನೆಯದು. ಕಳಕಳಿಯಿಂದ ಹೇಳುವ ಆ ಸಲಹೆಯೇ ತಂಡಗಳನ್ನು ಕೊಲ್ಲುತ್ತದೆ ಎಂದು ನಾನು ನಂಬುತ್ತೇನೆ.

ನಮ್ಮನ್ನು ಕೇಳದವರಿಗೆ ಸ್ವಲ್ಪ ಪರಿಚಯ. ನಾವು ನುಡಿಸುವುದು ಫಂಕ್ ಮತ್ತು ಸೋಲ್. ಅಮೆರಿಕದ ಕಪ್ಪು ಜನರು ತಮ್ಮ ಚರ್ಚುಗಳ ಹಾಡಿಕೆಯನ್ನು ಬೀದಿಗೆ, ಕುಣಿತದ ಮನೆಗಳಿಗೆ ತಂದು ಕಟ್ಟಿದ ಸಂಗೀತ. ಕಾಸರಗೋಡಿಗೂ ಇದಕ್ಕೂ ಏನು ಸಂಬಂಧ ಎನ್ನುವವರು ನಮ್ಮ ತಂಡದವರನ್ನು ನೋಡಬೇಕು. ಸ್ಯಾಕ್ಸೋಫೋನ್ ನುಡಿಸುವವನು ಮದುವೆ ಮನೆಗಳಲ್ಲಿ, ಭೂತಗಳ ನೇಮದ ಅಂಗಳಗಳಲ್ಲಿ ಬೆಳೆದವನು. ಬಂಟ್ವಾಳ ತಾಲೂಕಿನವರಾದ ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಟ್ಟ ಆ ವಾದ್ಯ ನಮ್ಮ ಕಡೆಯ ಜಾತ್ರೆಗಳಿಗೆ ಈಗ ಹೊರಗಿನದಾಗಿ ಉಳಿದಿಲ್ಲ. ಟ್ರಂಪೆಟ್‌ನವನು ಬೇಳದ ಕಡೆಯವನು, ಇಗರ್ಜಿಯ ಹಬ್ಬದ ಮೆರವಣಿಗೆಯ ಬ್ರಾಸ್ ಬ್ಯಾಂಡಿನಲ್ಲಿ ಕಲಿತವನು. ಕೀಬೋರ್ಡಿನವನು ಭಜನಾ ಮಂದಿರದ ಹಾರ್ಮೋನಿಯಂನಿಂದ ಬಂದ, ಡ್ರಮ್ಸ್‌ನವನು ಶಿಂಗಾರಿ ಮೇಳದ ಚೆಂಡೆಯಿಂದ ಬಂದ. ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ಒಬ್ಬರು ಎತ್ತಿ ಹಾಡಿ ಉಳಿದವರು ಮರುದನಿ ಕೊಡುವ ಕ್ರಮ ಸೋಲ್ ಸಂಗೀತದ ಜೀವಾಳ. ಶನಿವಾರ ಸಂಜೆಯ ಭಜನೆಯಲ್ಲಿ ಕುಳಿತವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಸಂಗೀತದ ಚರಿತ್ರೆಯ ತುಂಬ ಬಿಟ್ಟುಹೋದ ಗಾಯಕರೇ ಇದ್ದಾರೆ. ನನಗೆ ಮತ್ತೆ ಮತ್ತೆ ನೆನಪಾಗುವುದು ಡೆಟ್ರಾಯಿಟ್‌ನ ಟೆಂಪ್ಟೇಷನ್ಸ್. ಅವರು ವಾದ್ಯ ನುಡಿಸುವ ಬ್ಯಾಂಡ್ ಆಗಿರಲಿಲ್ಲ, ಐವರು ಗಾಯಕರ ಕೂಟ. 1965ರಲ್ಲಿ ಅವರ 'ಮೈ ಗರ್ಲ್' ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದಾಗ ಅದನ್ನು ಹಾಡಿದ್ದು ಡೇವಿಡ್ ರಫಿನ್. ಆ ಗೊಗ್ಗರು ಕಂಠ, ಕಪ್ಪು ಚೌಕಟ್ಟಿನ ಕನ್ನಡಕ, ಕುಣಿತ, ಎಲ್ಲವೂ ಸೇರಿ ಜನರ ಪಾಲಿಗೆ ತಂಡವೆಂದರೆ ಆತನೇ ಆದ. ಬಳಿಕ ತನ್ನ ಹೆಸರು ತಂಡದ ಹೆಸರಿಗಿಂತ ಮುಂದೆ ಬರಬೇಕೆಂದ, ಕಾರ್ಯಕ್ರಮ ತಪ್ಪಿಸಿದ. 1968ರಲ್ಲಿ ಉಳಿದವರು ಆತನನ್ನು ತೆಗೆದುಹಾಕಿದರು. ಆ ಜಾಗಕ್ಕೆ ಬಂದ ಡೆನ್ನಿಸ್ ಎಡ್ವರ್ಡ್ಸ್ ಹಾಡುತ್ತಿದ್ದಾಗ ರಫಿನ್ ಸಭಿಕರ ನಡುವಿನಿಂದ ವೇದಿಕೆಗೆ ಹಾರಿ ಮೈಕ್ ಕಸಿದುಕೊಂಡು ಹಾಡಿದ್ದುಂಟು. ಜನ ಚಪ್ಪಾಳೆ ತಟ್ಟಿದರು! ಹೊಸಬನ ಎದೆಯಲ್ಲಿ ಆಗ ಏನಾಗಿರಬಹುದು? ನಾನು ಆ ಜಾಗದಲ್ಲಿದ್ದರೆ ಮರುದಿನವೇ ಮನೆಗೆ ಹೋಗುತ್ತಿದ್ದೆ.

ಎಡ್ವರ್ಡ್ಸ್ ಉಳಿದದ್ದಕ್ಕೆ ಅವನ ಛಲ ಮಾತ್ರ ಕಾರಣವಲ್ಲ. ಅವರಿಗೆ ಹಾಡು ಕಟ್ಟುತ್ತಿದ್ದ ನಾರ್ಮನ್ ವಿಟ್‌ಫೀಲ್ಡ್ ಹಳೆಯ ಪ್ರೇಮಗೀತೆಗಳ ದಾರಿಯನ್ನೇ ಬಿಟ್ಟ. ಗಿಟಾರ್ ಗೊರಗುಟ್ಟಿತು, ಲಯ ಬಿರುಸಾಯಿತು, ಒಂದೇ ಹಾಡಿನ ಸಾಲುಗಳನ್ನು ಐವರೂ ಹಂಚಿಕೊಂಡು ಹಾಡತೊಡಗಿದರು. ಅದೇ ವರ್ಷ ಹೊರಬಂದ 'ಕ್ಲೌಡ್ ನೈನ್' ಅವರ ಹಾಡುಗಳನ್ನು ಹೊರತರುತ್ತಿದ್ದ ಮೋಟೌನ್ ಸಂಸ್ಥೆಗೆ ಮೊದಲ ಗ್ರ್ಯಾಮಿ ಪ್ರಶಸ್ತಿ ತಂದಿತು. 1972ರಲ್ಲಿ ಬಂದ 'ಪಾಪಾ ವಾಸ್ ಎ ರೋಲಿನ್ ಸ್ಟೋನ್' ಆಲ್ಬಮ್‌ನಲ್ಲಿ ಹನ್ನೆರಡು ನಿಮಿಷಗಳಷ್ಟು ಉದ್ದವಿದೆ. ಸುಮಾರು ನಾಲ್ಕು ನಿಮಿಷ ಯಾರೂ ಬಾಯಿ ಬಿಡುವುದಿಲ್ಲ. ಬೇಸ್‌ನ ಕೆಲವೇ ಸ್ವರಗಳು, ಅವುಗಳ ನಡುವೆ ಮೌನ, ಆಮೇಲೆ ತಂತಿವಾದ್ಯ, ಟ್ರಂಪೆಟ್. ಅಷ್ಟು ಹೊತ್ತಿಗೆ ಹಳೆಯ ತಂಡದ ಮತ್ತೊಬ್ಬ ಮುಖ್ಯ ಗಾಯಕ ಎಡ್ಡಿ ಕೆಂಡ್ರಿಕ್ಸ್ ಕೂಡ ಹೊರಟುಹೋಗಿದ್ದ. ಇಬ್ಬರು ದೊಡ್ಡ ಗಾಯಕರನ್ನು ಕಳೆದುಕೊಂಡ ಕೂಟ ತನ್ನ ಅತ್ಯಂತ ಧೈರ್ಯದ ಹಾಡನ್ನು ಕೊಟ್ಟದ್ದು ಆಗ. ರಫಿನ್‌ನ ನಕಲನ್ನು ತಂದು ನಿಲ್ಲಿಸಿದ್ದರೆ ಇದು ಆಗುತ್ತಿತ್ತೇ?

ಅಲಬಾಮಾದ ಟಸ್ಕಿಗೀ ಕಾಲೇಜಿನಲ್ಲಿ 1968ರಲ್ಲಿ ಹುಟ್ಟಿದ ಕಮೋಡೋರ್ಸ್ ತಂಡದ ಕಥೆ ಬೇರೆ. ಅದರ ಗಾಯಕ ಲಯನೆಲ್ ರಿಚಿ 1982ರಲ್ಲಿ ತಂಡ ಬಿಟ್ಟಾಗ ಆತ ಆಗಲೇ ಲೋಕಪ್ರಸಿದ್ಧ. ಆದರೆ 1977ರಲ್ಲಿ ಆ ತಂಡದ ಅತಿ ದೊಡ್ಡ ಫಂಕ್ ಹಾಡನ್ನು ಹಾಡಿದ್ದು ಡ್ರಮ್ಸ್ ನುಡಿಸುತ್ತಿದ್ದ ವಾಲ್ಟರ್ ಆರೆಂಜ್. ಅಂದರೆ ಮತ್ತೊಂದು ಕಂಠ ಒಳಗೇ ಇತ್ತು. 1985ರಲ್ಲಿ, ಹಿಂದಿನ ವರ್ಷ ತೀರಿಕೊಂಡ ಸೋಲ್ ಗಾಯಕರಾದ ಮಾರ್ವಿನ್ ಗೇ ಮತ್ತು ಜಾಕಿ ವಿಲ್ಸನ್ ಅವರನ್ನು ನೆನೆದು ಅದೇ ಆರೆಂಜ್, ಹೊಸದಾಗಿ ಸೇರಿದ ಜೆ. ಡಿ. ನಿಕೋಲಸ್ ಜೊತೆ ಹಾಡಿದ 'ನೈಟ್‌ಶಿಫ್ಟ್' ಅವರಿಗೆ ಗ್ರ್ಯಾಮಿ ತಂದಿತು. ರಿಚಿ ಇದ್ದಾಗ ಅವರಿಗೆ ಆ ಪ್ರಶಸ್ತಿ ಸಿಕ್ಕಿರಲಿಲ್ಲ. ಇಂಪ್ರೆಷನ್ಸ್ ತಂಡವನ್ನು ಜೆರ್ರಿ ಬಟ್ಲರ್ 1958ರಲ್ಲಿ ಬಿಟ್ಟಾಗ ಮುಂದೆ ಬಂದದ್ದು ಗಿಟಾರ್ ಹಿಡಿದಿದ್ದ ಕರ್ಟಿಸ್ ಮೇಫೀಲ್ಡ್. ಬಟ್ಲರ್‌ನದು ತುಂಬು ಮಂದ್ರದ ಕಂಠ, ಮೇಫೀಲ್ಡ್‌ನದು ತೆಳುವಾದ ಏರುದನಿ. ಒಂದಕ್ಕೊಂದು ಹೋಲಿಕೆಯೇ ಇಲ್ಲ! ಓಕ್‌ಲೆಂಡ್‌ನ ಟವರ್ ಆಫ್ ಪವರ್ ಗಾಯಕರನ್ನು ಬದಲಾಯಿಸುತ್ತಲೇ ಅರ್ಧ ಶತಮಾನ ದಾಟಿದೆ. ಅವರ ಊದುವಾದ್ಯಗಳನ್ನು ನಾಲ್ಕು ಸ್ವರ ಕೇಳಿದರೆ ಸಾಕು, ಯಾವ ತಂಡವೆಂದು ತಿಳಿಯುತ್ತದೆ.

ಎಲ್ಲ ಜಾಗವನ್ನೂ ತುಂಬಲೇಬೇಕೆಂದು ನಾನು ಹೇಳುತ್ತಿಲ್ಲ. ಬ್ರೂಕ್ಲಿನ್‌ನ ಡ್ಯಾಪ್-ಕಿಂಗ್ಸ್ ತಂಡದ ಗಾಯಕಿ ಶಾರನ್ ಜೋನ್ಸ್ 2016ರ ನವೆಂಬರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಹೆಸರಿದ್ದ ಜಾಗದಲ್ಲಿ ಇನ್ನೊಂದು ಹೆಸರನ್ನು ತಂಡ ಬರೆಯಲಿಲ್ಲ. ಅದು ಸರಿ. ಸಾವು ಬೇರೆ, ಬಿಟ್ಟುಹೋಗುವುದು ಬೇರೆ.

ಇನ್ನು ನಮ್ಮ ಮಣ್ಣಿನ ಮಾತಿಗೆ ಬರುತ್ತೇನೆ. ಗಾಯಕ ಬದಲಾಗುವುದು ಯಕ್ಷಗಾನದ ನಾಡಾದ ನಮಗೆ ಹೊಸದೇ? ವರ್ಷದ ಆಟಗಳು ಮುಗಿಯುವ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮುಂದಿನ ತಿರುಗಾಟಕ್ಕೆ ಯಾವ ಭಾಗವತರು ಯಾವ ಮೇಳಕ್ಕೆ ಎಂಬುದೇ ಮಳೆಗಾಲದ ಚರ್ಚೆ. ಭಾಗವತರು ಬರಿಯ ಗಾಯಕರೂ ಅಲ್ಲ, ಇಡೀ ಆಟವನ್ನು ನಡೆಸುವವರು. ಅಷ್ಟು ದೊಡ್ಡ ಸ್ಥಾನ ಬದಲಾದರೂ ಮೇಳ ನಿಲ್ಲುವುದಿಲ್ಲ. ಏಕೆ? ರಾತ್ರಿಯಿಡೀ ನಡೆಯುವ ಆಟವನ್ನೊಮ್ಮೆ ನೆನೆಸಿಕೊಳ್ಳಿ. ಆರಂಭದ ಪೂರ್ವರಂಗಕ್ಕೆ, ಮೇಳದಲ್ಲಿ 'ಸಂಗೀತಗಾರ' ಎನ್ನುವ ಕಿರಿಯ ಹಾಡುಗಾರ ಕೂರುತ್ತಾನೆ. ಪ್ರಸಂಗ ಹಿಡಿದ ಮೇಲೆ ಸಹಭಾಗವತರು ಬರುತ್ತಾರೆ. ನಡುರಾತ್ರಿಯ ಹೊತ್ತಿಗೆ ಮುಖ್ಯ ಭಾಗವತರು ಜಾಗಟೆ ಹಿಡಿಯುತ್ತಾರೆ. ಸಂಜೆಗೆ ಹಾಡಿದ ಹುಡುಗ ಮುಂದೊಂದು ದಿನ ಬೆಳಗಿನ ಜಾವಕ್ಕೆ ಹಾಡುತ್ತಾನೆ. ಹಳೆಯ ಅಡಿಕೆ ಕಂಗುಗಳು ಫಲ ಕೊಡುತ್ತಿರುವಾಗಲೇ ನಡುವೆ ಸಸಿ ನೆಡುವ ನಮ್ಮ ತೋಟಗಳ ಕ್ರಮವೇ ಇದು.

ಇಲ್ಲಿ ಒಬ್ಬರು ಹಿರಿಯರು ನನಗೊಂದು ಆಕ್ಷೇಪ ಹೇಳಿದರು. "ಬಲಿಪರನ್ನು ನೋಡು. ಅಜ್ಜನ ಹಾಗೆ ಮೊಮ್ಮಗ ಹಾಡಿದ್ದಲ್ಲವೇ? ಅದನ್ನು ಯಾರಾದರೂ ನಕಲು ಎಂದರೇ?" ಗಟ್ಟಿಯಾದ ಪ್ರಶ್ನೆ. ನಮ್ಮ ಪಡ್ರೆಯಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರು ಅದೇ ಹೆಸರಿನ ತಮ್ಮ ಅಜ್ಜನಿಂದ ಕಲಿತರು, ಬಲಿಪ ಶೈಲಿಯನ್ನು ಕೊನೆಯವರೆಗೂ ಬಿಡಲಿಲ್ಲ. ಆದರೆ ಅವರು ಪಡೆದದ್ದು ಮಟ್ಟು, ನಡೆ, ಪದ್ಯವನ್ನು ಎತ್ತಿಕೊಳ್ಳುವ ಕ್ರಮ. ಮೈಕ್ ಬೇಡದ ಆ ಏರು ಶ್ರುತಿಯ ಕಂಠ ಅವರದೇ. ಕಲಿತದ್ದು ಗುರುವಿನದು, ದನಿ ತನ್ನದು. ವರ್ಷಗಟ್ಟಲೆ ಪಕ್ಕದಲ್ಲಿ ಕುಳಿತು ಕಲಿಯುವುದಕ್ಕೂ, ಮೊಬೈಲಿನಲ್ಲಿ ನಮ್ಮ ಗಾಯಕಿಯ ವೀಡಿಯೊ ನೋಡಿ ಅವಳ ಕೊಂಕು, ಬಿರುಕು, ಉಸಿರನ್ನು ಒಪ್ಪಿಸುವುದಕ್ಕೂ ಬಹಳ ಅಂತರವಿದೆ. ಹಾಗೆ ಒಪ್ಪಿಸುವ ಹುಡುಗಿಗೆ ಪ್ರತಿಭೆ ಇದ್ದರೆ ಅದನ್ನು ಮೊದಲು ತಿಂದುಹಾಕುವವರು ನಾವೇ ಆಗುತ್ತೇವೆ.

ಕಂಠ ಬದಲಾದರೆ ವಾದ್ಯದವರಿಗೆ ಎಷ್ಟು ಕೆಲಸ ಎಂಬುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಶ್ರುತಿ ಬದಲಾಗುತ್ತದೆ, ನಾನು ಬೇಸ್‌ನಲ್ಲಿ ಕೈಯನ್ನು ಎರಡು ಮನೆ ಆಚೆ ಸರಿಸಿದರೆ ಮುಗಿಯಿತು. ಊದುವವರಿಗೆ ಹಾಗಲ್ಲ, ಅವರ ವಾದ್ಯಗಳ ಶ್ರುತಿಯೇ ಬೇರೆ. ಅವಳು ಬಿ ಫ್ಲ್ಯಾಟ್ ಶ್ರುತಿಯಲ್ಲಿ ಹಾಡುತ್ತಿದ್ದ ಹಾಡು ಟ್ರಂಪೆಟ್‌ನವನ ಬೆರಳಿಗೆ ಸಿ, ಆಲ್ಟೋ ಸ್ಯಾಕ್ಸೋಫೋನ್‌ನವನಿಗೆ ಜಿ. ಎರಡೂ ಸಲೀಸು. ಅದನ್ನೇ ಇ ಶ್ರುತಿಗೆ ತಂದರೆ ಒಬ್ಬನಿಗೆ ಆರು ಶಾರ್ಪ್, ಅಂದರೆ ಅರ್ಧ ಸ್ವರ ಏರಿಸಿ ನುಡಿಸಬೇಕಾದ ಸ್ವರಗಳು, ಇನ್ನೊಬ್ಬನಿಗೆ ಏಳು. ಮಿಂಚಿನಂತೆ ಬಂದು ಹೋಗಬೇಕಾದ ತುಣುಕು ತಡವರಿಸುತ್ತದೆ. ಆದ್ದರಿಂದ ಇ ಬದಲು ಇ ಫ್ಲ್ಯಾಟ್ ಹಿಡಿಯಬೇಕು, ಇಲ್ಲವೇ ಆ ತುಣುಕನ್ನೇ ಹೊಸದಾಗಿ ಬರೆಯಬೇಕು. ಈಗ ನಮ್ಮ ಡ್ರಮ್ಸ್‌ನವನು ಕೆಲವು ಹಾಡು ಎತ್ತಿಕೊಂಡಿದ್ದಾನೆ. ಅವನ ದನಿ ಕೆಳಗಿನದು, ನನ್ನ ಬೇಸ್‌ಗೆ ಹತ್ತಿರದ್ದು. ಅವನು ಹಾಡುವ ಸಾಲಿನಲ್ಲಿ ನಾನು ಮೊದಲಿನಷ್ಟೇ ಸ್ವರ ತುಂಬಿದರೆ ಮಾತು ಮುಳುಗಿಹೋಗುತ್ತದೆ. ಫಂಕ್ ಗಾಯಕ ಜೇಮ್ಸ್ ಬ್ರೌನ್ ತನ್ನವರಿಗೆ ಹೇಳಿಕೊಡುತ್ತಿದ್ದಂತೆ ಆವರ್ತದ ಮೊದಲ ಪೆಟ್ಟನ್ನು ಗಟ್ಟಿಯಾಗಿ ಕೊಟ್ಟು ಉಳಿದ ಕಡೆ ಕೈ ತಡೆಯುವುದನ್ನು ಕಲಿಯುತ್ತಿದ್ದೇನೆ. ಹಾಡುಗಳು ಬೇರೆಯೇ ಆಗುತ್ತಿವೆ. ಎರಡು ಹಾಡು ಮೊದಲಿಗಿಂತ ಚೆನ್ನಾಗಿವೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಒಂದನ್ನು ಪೂರ್ತಿ ಕೈಬಿಟ್ಟಿದ್ದೇವೆ, ಅದು ಅವಳದೇ.

ಬ್ರೌನ್ ಹೆಸರು ಬಂದದ್ದರಿಂದ ಇದನ್ನೂ ಹೇಳಬೇಕು. 1970ರಲ್ಲಿ ಅವನ ವಾದ್ಯಗಾರರು ಸಂಬಳಕ್ಕಾಗಿ ಪಟ್ಟು ಹಿಡಿದಾಗ ಅವನು ಸಿನ್ಸಿನಾಟಿಯಿಂದ ಹುಡುಗರ ತಂಡವೊಂದನ್ನು ವಿಮಾನದಲ್ಲಿ ಕರೆಸಿಕೊಂಡ. ಬೇಸ್ ಹಿಡಿದ ಬೂಟ್ಸಿ ಕಾಲಿನ್ಸ್‌ಗೆ ಆಗ ಹದಿನೆಂಟು ವರ್ಷ. ಹಿಂದಿನವರಂತೆ ನುಡಿಸಲು ಆ ಹುಡುಗರಿಂದ ಆಗುತ್ತಿರಲಿಲ್ಲ. ಅವರು ತಮ್ಮಂತೆ ನುಡಿಸಿದರು, ಫಂಕ್‌ನ ದಿಕ್ಕೇ ಬದಲಾಯಿತು. ಗಾಯಕನ ಹಿಂದಿನ ತಂಡ ಬದಲಾದರೂ ಮಾತು ಅದೇ.

ಈಗ ನನಗೆ ಸಿಟ್ಟು ತರಿಸಿದ ಸಂಗತಿ. ಒಂದು ಉತ್ಸವ ಸಮಿತಿಯವರು, ಹೆಸರು ಬೇಡ, ಮುಂಚೆಯೇ ಒಪ್ಪಿಕೊಂಡಿದ್ದ ಸಂಭಾವನೆಯನ್ನು ಅರ್ಧಕ್ಕೆ ಇಳಿಸುತ್ತೇವೆ ಎಂದರು. "ಹುಡುಗಿಯೇ ಇಲ್ಲವಲ್ಲ" ಎಂಬುದು ಕಾರಣ. ಏಳು ಜನ ನುಡಿಸುವಲ್ಲಿ ಅರ್ಧ ಬೆಲೆ ಒಬ್ಬಳದೇ ಆಗಿದ್ದರೆ, ಅವಳಿದ್ದಾಗ ಅವಳಿಗೆ ಅಷ್ಟು ಕೊಡಿ ಎಂದು ಒಮ್ಮೆಯಾದರೂ ಹೇಳಿದ್ದರೇ? ಫಿಲಡೆಲ್ಫಿಯಾದ ಹೆರಾಲ್ಡ್ ಮೆಲ್ವಿನ್ ಆಂಡ್ ದ ಬ್ಲೂ ನೋಟ್ಸ್ ತಂಡದಲ್ಲಿ ಹಾಡುತ್ತಿದ್ದುದು ಟೆಡ್ಡಿ ಪೆಂಡರ್‌ಗ್ರಾಸ್. ಅವನೂ ಡ್ರಮ್ಸ್‌ನಿಂದ ಮುಂದೆ ಬಂದವನೇ. ಹೆಸರು ಮೆಲ್ವಿನ್‌ನದು, ಹಾಡುತ್ತಿರುವವನೇ ಮೆಲ್ವಿನ್ ಎಂದು ಎಷ್ಟೋ ಜನ ತಿಳಿದಿದ್ದರು. ಹಣ ಮತ್ತು ಹೆಸರಿನ ಈ ಗಂಟು ಬಿಡಿಸಲಾಗದೆ ಆತ ಹೊರಟುಹೋದ. ತಂಡ ಒಡೆಯುವುದು ಹೆಚ್ಚಾಗಿ ಲೆಕ್ಕದ ಪುಸ್ತಕದಲ್ಲಿ, ಸಂಗೀತದಲ್ಲಿ ಅಲ್ಲ.

ಅವಳ ಬಗ್ಗೆ ಆಡಿಕೊಳ್ಳುವವರಿಗೂ ಒಂದು ಮಾತು. "ಹಣ ಕಂಡು ಹೋದಳು", "ಕನ್ನಡ ಬಿಟ್ಟು ಮಲಯಾಳಕ್ಕೆ ಹೋದಳು" ಎಂದು ಬರೆದವರೇ, ಇಲ್ಲಿ ಕಾರ್ಯಕ್ರಮಗಳು ಇರುವುದು ದೀಪಾವಳಿಯಿಂದ ಮೇ ತಿಂಗಳವರೆಗೆ. ಜೂನ್‌ನಿಂದ ಮಳೆ, ಕೈ ಖಾಲಿ. ರಾತ್ರಿ ಎರಡು ಗಂಟೆಗೆ ಬದಿಯಡ್ಕದ ಆಚೆಯಿಂದ ಹೊರಟು ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಿದ್ದವಳು ಅವಳು. ಹಾಡುವವರ ವಾದ್ಯ ಅವರ ಮೈಯೊಳಗೇ ಇದೆ, ಅದಕ್ಕೆ ನಿದ್ದೆ ಬೇಕು. ಮಲಯಾಳದಲ್ಲಿ ಹಾಡಿದರೆ ಅವಳ ಕನ್ನಡ ಕರಗಿಹೋಗುವುದಿಲ್ಲ. ನಾವು ಒಟ್ಟಿಗೆ ಕಟ್ಟಿದ ಕನ್ನಡ, ತುಳು ಹಾಡುಗಳನ್ನು ಅವಳು ಎಲ್ಲಿ ಬೇಕಾದರೂ ಹಾಡಬಹುದು, ನಾವೂ ಹಾಡುತ್ತೇವೆ. ಇದನ್ನು ಬಾಯಿಮಾತಿಗೆ ಬಿಡದೆ ಬರೆದು ಎಲ್ಲರೂ ಸಹಿ ಹಾಕಿದ್ದೇವೆ. ಹೆಸರಿಗಾಗಿ ನ್ಯಾಯಾಲಯಕ್ಕೆ ಹೋದ ತಂಡಗಳ ಕಥೆಯನ್ನು ಓದಿ ಸಾಕಾಗಿದೆ.

ಹಾಡುವವರು ಬೇಕಾಗಿದ್ದಾರೆ. ಹುಡುಗಿಯೇ ಆಗಬೇಕೆಂದಿಲ್ಲ, ವಯಸ್ಸಿನ ಮಿತಿಯಿಲ್ಲ. ಕನ್ನಡ, ತುಳು, ಮಲಯಾಳ, ಕೊಂಕಣಿ ಯಾವುದರಲ್ಲಿ ಹಾಡಿದರೂ ಸರಿ. ಅವಳ ವೀಡಿಯೊಗಳನ್ನು ಕಲಿತು ಬರಬೇಡಿ. ನಿಮಗೆ ಒಗ್ಗಿದ ಒಂದು ಹಾಡನ್ನು ನಿಮ್ಮ ಶ್ರುತಿಯಲ್ಲಿ ಹಾಡಿ, ಹೊಂದಿಸಿಕೊಳ್ಳುವ ಕೆಲಸ ನಮ್ಮದು. ಬಂದ ಹಣದಲ್ಲಿ ಎಲ್ಲರಿಗೂ ಸಮಪಾಲು. ಮೊದಲ ದಿನದಿಂದಲೇ ಇನ್ನೊಬ್ಬರು ನಿಮ್ಮ ಪಕ್ಕದಲ್ಲಿ ನಿಂತು ಎರಡು ಹಾಡಾದರೂ ಹಾಡುತ್ತಾರೆ, ಅದಕ್ಕೆ ಬೇಸರಪಟ್ಟುಕೊಳ್ಳಬಾರದು. ಕಾರ್ಯಕ್ರಮ ಎಷ್ಟು ಹೊತ್ತಿಗೆ ಮುಗಿದರೂ ಮನೆಯ ಬಾಗಿಲಿನವರೆಗೆ ತಲುಪಿಸುವುದು ನಮ್ಮ ಹೊಣೆ. ಭಾನುವಾರ ಮಧ್ಯಾಹ್ನ ಪೆರ್ಲದಲ್ಲಿ ಅಭ್ಯಾಸ ಇರುತ್ತದೆ. ಬರುವವರು ಇಲ್ಲಿಯೇ ತಿಳಿಸಿ.