ದೇವರಾಜ ಮಾರ್ಕೆಟ್ ಕೆಡವಬೇಡಿ, ರಿಪೇರಿ ಮಾಡಿ

ಮಗಳ ಸೀಮಂತಕ್ಕೆ ಮೊಗ್ಗಿನ ಜಡೆ ಹಾಕಬೇಕಿತ್ತು. ಹಿಂದಿನ ದಿನ ನಾನು, ಅತ್ತಿಗೆ ಹಾಸನದಿಂದ ಬೆಳಗಿನ ರೈಲು ಹತ್ತಿ ಮೈಸೂರಿಗೆ ಹೋದೆವು. "ಇಲ್ಲೇ ಕಟ್ಟಿನಕೆರೆ ಮಾರ್ಕೆಟ್‌ನಲ್ಲಿ ಹೂವು ಸಿಗಲ್ವಾ?" ಅಂತ ಮನೆಯವರು ಕೇಳಿದರು. ಸಿಗುತ್ತೆ. ಆದರೆ ಅತ್ತಿಗೆಯ ತವರು ಮೈಸೂರು. ಮಲ್ಲಿಗೆ ಅಂದರೆ ಅವರಿಗೆ ದೇವರಾಜ ಮಾರ್ಕೆಟ್ಟೇ.

ಚಿಕ್ಕ ಗಡಿಯಾರ ಗೋಪುರದ ಕಡೆಯಿಂದ ಒಳಗೆ ಹೋದೆವು. ಹೊರಗೆ ಸುಡು ಬಿಸಿಲು, ಒಳಗೆ ತಂಪು. ಕುಂಕುಮದ ಗುಡ್ಡೆಗಳು, ವೀಳ್ಯದೆಲೆ ಕಟ್ಟುಗಳು, ಈರನಗೆರೆ ಬದನೆ, ಬಾಳೆಗೊನೆ. ಹೂವಿನಮ್ಮ ಎರಡೂ ಕೈ ಚಾಚಿ ಒಂದು ಮಾರು ಅಳೆದರು. ಅತ್ತಿಗೆ ಬಾಯಿ ತೆರೆಯುವ ಮೊದಲೇ ಇನ್ನೊಂದು ಗೇಣು ಸೇರಿಸಿ ದಾರ ಕತ್ತರಿಸಿದರು. "ನನ್ನ ಕೈ ಗಿಡ್ಡ ಅಲ್ವಾ ಅಕ್ಕ, ನಿಮಗೆ ಕಮ್ಮಿ ಆಗಬಾರದು" ಅಂದರು. ಆಮೇಲೆ ಮೊಗ್ಗನ್ನು ಒದ್ದೆ ಬಾಳೆಎಲೆಯಲ್ಲಿ ಸುತ್ತಿ, ಬಾಳೆನಾರಿನಲ್ಲೇ ಕಟ್ಟಿಕೊಟ್ಟರು. ಎಲೆ, ಅಡಿಕೆ, ಅರಿಶಿನ, ತೆಂಗಿನಕಾಯಿ ಎಲ್ಲವೂ ಅಕ್ಕಪಕ್ಕದಲ್ಲೇ. ಒಂದು ಮೆಟ್ಟಿಲು ಹತ್ತದೆ, ಒಂದು ಗಂಟೆಯೊಳಗೆ ಶುಭಕಾರ್ಯದ ಸಾಮಾನು ಪೂರ್ತಿ ಮುಗಿಯಿತು.

ಈ ಕಟ್ಟಡಕ್ಕೆ ನೂರು ವರ್ಷ ದಾಟಿ ಎಷ್ಟೋ ಕಾಲವಾಗಿದೆ. 2016ರ ಆಗಸ್ಟ್‌ನಲ್ಲಿ ಧನ್ವಂತ್ರಿ ರಸ್ತೆ ಕಡೆಯ ಬಾಗಿಲ ಭಾಗ ಕುಸಿಯಿತು. ಆಗಿನಿಂದ ಕೆಡವಿ ಹೊಸದು ಕಟ್ಟಬೇಕೋ, ಇದನ್ನೇ ಉಳಿಸಬೇಕೋ ಅನ್ನೋ ಜಗಳ. ಅದು ಕೋರ್ಟಿಗೂ ಹೋಯಿತು. ಭಯ ಸುಳ್ಳಲ್ಲ. 2012ರಲ್ಲಿ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ಕು ಜನ ಸತ್ತರು. ಅಪಾಯ ಇರುವ ಗೋಡೆಯ ಕೆಳಗೆ ಯಾರನ್ನೂ ಕೂರಿಸಬಾರದು.

ಆದರೆ ಕೆಡವೋದೊಂದೇ ದಾರಿ ಅಂತ ನಾನು ಒಪ್ಪಲ್ಲ. ಇಂಥ ಗೋಡೆಗಳು ಸುಣ್ಣದ ಗಾರೆಯವು. ಒಳಗೆ ಸೇರಿದ ತೇವ ಗಾರೆಯ ಮೂಲಕವೇ ಹೊರಗೆ ಹೋಗಬೇಕು. ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಗೋಡೆ ಹಾಳಾಗುತ್ತೆ. ಸೂರು ಸೋರದಂತೆ ನೋಡಿಕೊಂಡು, ಗೊತ್ತಿರುವ ಗಾರೆ ಕೆಲಸದವರಿಂದ ಭಾಗ ಭಾಗವಾಗಿ ರಿಪೇರಿ ಮಾಡಿಸಬಹುದು. ಖರ್ಚಾಗುತ್ತೆ, ಆಗಲಿ.

ನಮ್ಮ ಬೇಲೂರು, ಹಳೇಬೀಡು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಊರಿಗೆ ಊರೇ ಸಂಭ್ರಮಿಸಿತು. ನಾನೂ ಖುಷಿಪಟ್ಟೆ. ದೇವಸ್ಥಾನದ ಒಂದು ಕಲ್ಲು ಅಲುಗಿದರೆ ನಮಗೆ ಸಂಕಟ ಆಗುತ್ತೆ. ಮಾರ್ಕೆಟ್ ಗೋಡೆ ಬಿದ್ದರೆ ಮಾತ್ರ "ಹಳೇದು, ಹೋಗಲಿ" ಅಂತೀವಿ. ದಿನಾ ಈರುಳ್ಳಿ ಮಾರುವ ಜಾಗ ಅನ್ನೋ ಒಂದೇ ಕಾರಣಕ್ಕೆ ಅದರ ಬೆಲೆ ನಮಗೆ ಕಾಣಲ್ಲ.

ಅಂಗಡಿಗಳನ್ನು ಮೂರು ಮಹಡಿಯ ಕಾಂಪ್ಲೆಕ್ಸ್‌ಗೆ ಸಾಗಿಸಿದರೆ ಏನಾಗುತ್ತೆ ಅಂತ ನಾನು ಬೇರೊಂದು ಊರಲ್ಲಿ ನೋಡಿದ್ದೀನಿ. ಕೆಳಗಿನ ಅಂಗಡಿಗಳು ತುಂಬಿರುತ್ತವೆ. ಮೇಲೆ ಬಾಗಿಲು ಎಳೆದ ಶಟರ್‌ಗಳು. ತರಕಾರಿಯವರು ವಾಪಸ್ ಫುಟ್‌ಪಾತ್‌ಗೆ ಬಂದು ಕೂತಿದ್ದರು. ಕಾಲು ಕೆ.ಜಿ. ಹಸಿಮೆಣಸಿನಕಾಯಿಗೆ ಎರಡು ಮಹಡಿ ಯಾರು ಹತ್ತುತ್ತಾರೆ ಹೇಳಿ? ನೆಲದಲ್ಲಿ ಕೂತು ಮಾರುವವರಿಗೆ ನೆಲವೇ ಬೇಕು.

ವಾಪಸ್ ಬರುವಾಗ ರೈಲು ಹೊಳೆನರಸೀಪುರ ದಾಟುವ ಹೊತ್ತಿಗೆ ಅತ್ತಿಗೆ ಪೊಟ್ಟಣ ಬಿಚ್ಚಿ ನೋಡಿದರು. ಒಂದು ಮೊಗ್ಗೂ ಅರಳಿರಲಿಲ್ಲ. ಬೆಳಿಗ್ಗೆ ಜಡೆ ಕಟ್ಟುವಾಗ ಆ ಒಂದು ಗೇಣು ಹೂವು ಸರಿಯಾಗಿ ಉಳಿಯಿತು. ಅದನ್ನು ಮಗಳು ನನ್ನ ಮುಡಿಗೆ ಮುಡಿಸಿದಳು.